ಹರಿಹರದ ಲೇತ್‌ಗಳು: ಜೀರ್ಣೋದ್ಧಾರಕ್ಕೆ ಮೊದಲು ದಾಖಲೆ

ಹಳೆಯ ಯಂತ್ರವೊಂದನ್ನು ಪರಂಪರೆಯ ವಸ್ತುವಾಗಿ ಉಳಿಸಿಕೊಳ್ಳುವಾಗ ಅದು ಮತ್ತೆ ಕರಾರುವಾಕ್ಕಾಗಿ ಓಡುವಂತೆ ಮಾಡಬೇಕೇ, ಸವೆದ ಸ್ಥಿತಿಯಲ್ಲೇ ಕಾಪಾಡಬೇಕೇ? ಹರಿಹರದಲ್ಲಿ ತಯಾರಾದ ಲೇತ್‌ಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಿದೆ.

ಈ ಲೇತ್‌ಗಳನ್ನು ತಯಾರಿಸಿದ ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಸ್ಥಾಪನೆಯಾದದ್ದು 1941ರಲ್ಲಿ. ತುಂಗಭದ್ರೆಯ ಈಚೆ ದಡ ಆಗ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ. ಬೆಂಗಳೂರಿನಲ್ಲಿ ಇಂಥದೇ ಯಂತ್ರಗಳ ಸರ್ಕಾರಿ ಕಂಪನಿ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲೇ ಯಂತ್ರಗಳ ಭಾಗಗಳನ್ನು ಕಡೆಯುವ ಯಂತ್ರಗಳ ಉದ್ಯಮ ಹರಿಹರದಲ್ಲಿ ನೆಲೆಯೂರಿತ್ತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿದರೂ ಅಲ್ಲಿಯ ಲೇತ್‌ಗಳು ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇನ್ನೂ ದುಡಿಯುತ್ತಿವೆ. ಹಾಗಾಗಿ ಈ ಪರಂಪರೆಯನ್ನು ಹುಡುಕಬೇಕಾದದ್ದು ಮ್ಯೂಸಿಯಂಗಳಿಗಿಂತ ಹೆಚ್ಚಾಗಿ ದಾವಣಗೆರೆ, ಹರಿಹರದ ವರ್ಕ್‌ಶಾಪ್‌ಗಳಲ್ಲಿ, ಕೊಕ್ಕನೂರು–ಮಲೇಬೆನ್ನೂರು ಕಡೆಯ ರೈಸ್‌ಮಿಲ್ಲು, ಟ್ರ್ಯಾಕ್ಟರುಗಳ ರಿಪೇರಿ ನಡೆಯುವ ಕಡೆಗಳಲ್ಲಿ.

ಲೇತ್‌ನ ಬೆಡ್ಡು ಬೀಡು ಕಬ್ಬಿಣದ ಎರಕ. ಅದರ ಮೇಲೆ ಉಳಿಯನ್ನು ಹೊತ್ತ ಕ್ಯಾರೇಜು ಹಿಂದೆ ಮುಂದೆ ಜಾರುತ್ತದೆ. ಹೆಚ್ಚಿನ ಜಾಬುಗಳು ಗಿಡ್ಡವಾದ್ದರಿಂದ ಜಾಬನ್ನು ಹಿಡಿಯುವ ಚಕ್ಕಿನ ಹತ್ತಿರದ ಭಾಗ ಬೇಗ ಸವೆಯುತ್ತದೆ. ಅದರ ಎದುರಿನ ಟೈಲ್‌ಸ್ಟಾಕ್ ತುದಿ ಬಹುಮಟ್ಟಿಗೆ ಮೊದಲಿನಂತೆಯೇ ಇರುತ್ತದೆ. ಬೆಡ್ಡಿನ ಉದ್ದಕ್ಕೂ ಡಯಲ್ ಗೇಜು ಓಡಿಸಿ ಸವೆತವನ್ನು ಬರೆದಿಟ್ಟುಕೊಂಡರೆ, ಆ ಯಂತ್ರ ಎಷ್ಟು ಉದ್ದದ ಕೆಲಸವನ್ನು ಹೆಚ್ಚಾಗಿ ಮಾಡಿತ್ತು ಎಂಬುದನ್ನು ಊಹಿಸಬಹುದು. ಹಿಡಿಕೆಯ ನುಣುಪು, ಬದಲಾಯಿಸಿದ ಗೇರು, ಬೇರೆ ಕಡೆಯಿಂದ ತಂದು ಕೂರಿಸಿದ ಮೋಟರು ಲೇತ್ ಓಡಿಸುವ ಟರ್ನರುಗಳ ದುಡಿಮೆಗೂ ಜಾಣ್ಮೆಗೂ ಸಾಕ್ಷಿ. ಬರಹದ ಮೂಲಕ ಉಳಿಯದ ಕಾರ್ಮಿಕ ಇತಿಹಾಸ ಇವುಗಳಲ್ಲಿ ಉಳಿದಿದೆ.

ರಿಪೇರಿ ಈ ಸಾಕ್ಷ್ಯವನ್ನೇ ಅಳಿಸುತ್ತದೆ. ಬೆಡ್ಡನ್ನು ಗ್ರೈಂಡ್ ಮಾಡಿದರೆ, ಇಲ್ಲವೇ ನೀಲಿ ಬಣ್ಣ ಹಚ್ಚಿ ಉಬ್ಬುಗಳನ್ನು ಗುರುತಿಸಿ ಹೆರೆದರೆ ಕೆಲಸದ ನಿಖರತೆ ಮರಳುತ್ತದೆ, ಸವೆತದ ಗುರುತು ಹೋಗುತ್ತದೆ. ಶಾಸನದ ಅಕ್ಷರ ಸವೆದಿದೆಯೆಂದು ಯಾರೂ ಉಳಿ ಹಿಡಿದು ಮತ್ತೆ ಕೊರೆಯುವುದಿಲ್ಲ. ಮೊದಲು ಪಡಿಯಚ್ಚು ತೆಗೆಯುತ್ತಾರೆ. ಯಂತ್ರದ ವಿಷಯದಲ್ಲೂ ಆ ಶಿಸ್ತು ಬೇಕು. ಕೈಗಾರಿಕಾ ಪರಂಪರೆಯ ಕುರಿತು 2003ರಲ್ಲಿ ರಷ್ಯಾದಲ್ಲಿ ಅಂಗೀಕಾರವಾದ ನಿಜ್ನಿ ತಗಿಲ್ ಸನ್ನದು ಹೇಳುವುದೂ ಇದನ್ನೇ: ಮಧ್ಯಪ್ರವೇಶ ಆದಷ್ಟು ಕಡಿಮೆಯಿರಬೇಕು, ಹಿಂದಿನ ಸ್ಥಿತಿಗೆ ಮರಳಿಸುವಂತಿರಬೇಕು, ಅನಿವಾರ್ಯ ಬದಲಾವಣೆಗಳನ್ನು ದಾಖಲಿಸಿ, ತೆಗೆದ ಮುಖ್ಯ ಭಾಗಗಳನ್ನು ಜೋಪಾನವಾಗಿಡಬೇಕು.

ಕಾನೂನಿನ ಆಸರೆಯೂ ಈ ಯಂತ್ರಗಳಿಗೆ ಸದ್ಯಕ್ಕೆ ಇಲ್ಲ. 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯಿದೆ ಗತಕಾಲದ ವಿಜ್ಞಾನ, ಕುಶಲಕಲೆಗಳನ್ನು ತೋರುವ ವಸ್ತುಗಳನ್ನು ಪರಿಗಣಿಸುತ್ತದಾದರೂ ಅವಕ್ಕೆ ಕನಿಷ್ಠ 100 ವರ್ಷ ತುಂಬಿರಬೇಕು. ಈ ಕಂಪನಿಯ ಯಾವ ಲೇತೂ 2041ಕ್ಕೆ ಮೊದಲು ಆ ವಯಸ್ಸು ಮುಟ್ಟುವುದಿಲ್ಲ. ಅಷ್ಟರೊಳಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದ ಯಂತ್ರವನ್ನು ಯಾವ ಕಾಯಿದೆಯೂ ಮರಳಿ ತರಲಾರದು.

ಆದ್ದರಿಂದ ಎರಡು ದಾರಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಸೂಕ್ತ. ಹೊಟ್ಟೆಪಾಡಿಗೆ ದುಡಿಯುತ್ತಿರುವ ಲೇತ್ ರಿಪೇರಿಯಾಗಲೇಬೇಕು. ಮಾಲೀಕರಿಗೆ ಅದು ಬದುಕು. ಆದರೆ ಹೆರೆಯುವ ಮೊದಲು ನೇಮ್‌ಪ್ಲೇಟು ಮತ್ತು ಕ್ರಮಸಂಖ್ಯೆಯ ಚಿತ್ರ, ಬೆಡ್ಡಿನ ಸವೆತದ ಅಳತೆ, ಓಡಿಸಿದವರ ಮಾತಿನ ಧ್ವನಿಮುದ್ರಣ ಈ ಮೂರನ್ನು ಮಾಡಿಟ್ಟುಕೊಳ್ಳಬೇಕು. ಇನ್ನು ಪ್ರದರ್ಶನಕ್ಕೆಂದು ಆರಿಸಿದ ಯಂತ್ರದ ಬೆಡ್ಡನ್ನು ಮುಟ್ಟದೆ, ತುಕ್ಕು ಹರಡದಂತೆ ತಡೆದು, ಎಣ್ಣೆ ಹಚ್ಚಿ ಇಟ್ಟರೆ ಸಾಕು. ದಾವಣಗೆರೆ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಈ ಅಳತೆಯ ಕೆಲಸ ಪಾಠವೂ ಆಗುತ್ತದೆ. ಹರಿಹರದ ಲೇತನ್ನು ಓಡಿಸಿದ ಹಿರಿಯ ಟರ್ನರುಗಳು ನಮ್ಮ ನಡುವೆ ಇರುವಾಗಲೇ ಇದು ಶುರುವಾಗಬೇಕು.