ಗೋಡೆಯೊಳಗಿನ ತಂತಿಗೆ ಸಾಕ್ಷಿ ಯಾರು?

ಮನೆಯನ್ನು ಕೊಳ್ಳುವಾಗ ನಮ್ಮ ಜನ ತೋರುವ ಎಚ್ಚರ ಮೆಚ್ಚತಕ್ಕದ್ದು. ಮೂಲಪತ್ರಗಳನ್ನು ವಕೀಲರಿಂದ ಓದಿಸುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಕಟ್ಟಿದೆಯೇ ಎಂದು ವಿಚಾರಿಸುತ್ತಾರೆ. ವಾಸ್ತು ಬಲ್ಲವರೂ ಒಮ್ಮೆ ಬಂದು ಹೋಗುತ್ತಾರೆ. ವಿದ್ಯುತ್ತಿನ ವಿಷಯಕ್ಕೆ ಬಂದರೆ ಮಾತ್ರ ಕೇಳುವ ಪ್ರಶ್ನೆ ಒಂದೇ: "ಬಿಲ್ಲು ಬಾಕಿ ಇಲ್ಲ ತಾನೆ?" ಆರ್.ಆರ್. ನಂಬರು ಕೊಳ್ಳುವವರ ಹೆಸರಿಗೆ ವರ್ಗವಾದರೆ ಆ ಅಧ್ಯಾಯ ಮುಗಿಯಿತು. ಗೋಡೆಯೊಳಗೆ ಹುದುಗಿರುವ ತಂತಿ ಎಷ್ಟು ಹಳೆಯದು, ಈಗ ಯಾವ ಸ್ಥಿತಿಯಲ್ಲಿದೆ ಎಂದು ಕೇಳಿದವರನ್ನು ನಾನು ಕಂಡದ್ದು ಅಪರೂಪ. ಈ ಮೌನಕ್ಕೂ ಒಂದು ಇತಿಹಾಸವುಂಟು. ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇನೆ.

1882ನೆಯ ಇಸವಿಯಲ್ಲಿ ಎರಡು ಬೇರೆ ಬೇರೆ ಸ್ಥಳಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ, ಎರಡು ನಿಯಮಾವಳಿಗಳು ಹುಟ್ಟಿದವು. ಒಂದು, ಲಂಡನ್ನಿನ ತಂತಿ ಮತ್ತು ವಿದ್ಯುತ್ ಇಂಜಿನಿಯರುಗಳ ಸಂಘವು ಪ್ರಕಟಿಸಿದ ವಿದ್ಯುದ್ದೀಪ ನಿಯಮಗಳು. ವಿದ್ಯುದ್ದೀಪಗಳಿಂದ ಮನೆಗೆ ಬೆಂಕಿ ಬೀಳದಂತೆ ತಡೆಯುವುದು ಅವುಗಳ ಉದ್ದೇಶ. ಇಂದು ಬ್ರಿಟನ್ನಿನಲ್ಲಿ ಜಾರಿಯಲ್ಲಿರುವ ವೈರಿಂಗ್ ನಿಯಮಗಳು ಅದರದೇ ಸಂತತಿ. ಇನ್ನೊಂದು, ಬ್ರಿಟಿಷ್ ಇಂಡಿಯಾದಲ್ಲಿ ಬಂದ ಆಸ್ತಿ ವರ್ಗಾವಣೆ ಅಧಿನಿಯಮ. ಇಂದಿಗೂ ನಮ್ಮ ಮನೆ ಮಾರಾಟಕ್ಕೆ ಅದೇ ಆಧಾರ. ಅದರ 55ನೆಯ ಪ್ರಕರಣದಂತೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವನ ಕಣ್ಣಿಗೆ ಬೀಳದ, ಆದರೆ ಮಾರುವವನಿಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ನ್ಯಾಯವಾದ ಮಾತು. ಆದರೆ 'ಮಾರುವವನಿಗೆ ತಿಳಿದಿರುವ' ಎಂಬ ವಿಶೇಷಣವನ್ನು ನೆನಪಿಡಿ; ಮುಂದೆ ಅದರ ಪ್ರಸ್ತಾಪ ಬರುತ್ತದೆ.

ನಮ್ಮ ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ಬೇಗನೆ ಬಂದಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆಯಲಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಕಾರ್ಯವಿದು. ಅದು ಫಲಿಸಿದ್ದನ್ನು ಕಾಣಲು ಅವರಿರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿತು. ಅನಂತರ ದೀಪವು ಬೀದಿಯಿಂದ ಮನೆಯೊಳಕ್ಕೆ ಮೆಲ್ಲಮೆಲ್ಲನೆ ನಡೆದು ಬಂದಿತು.

ಆ ಕಾಲದ ಮನೆಗಳ ವೈರಿಂಗನ್ನು ನನ್ನ ವಯಸ್ಸಿನವರು ಕಂಡಿರುತ್ತೀರಿ. ಗೋಡೆಯ ಮೇಲೆ ತೇಗದ ಪಟ್ಟಿ, ಅದರ ಮೇಲೆ ಸಾಲಾಗಿ ಕ್ಲಿಪ್ಪು ಹೊಡೆದು ಕೂರಿಸಿದ ರಬ್ಬರು ಹೊದಿಕೆಯ ತಂತಿ, ದುಂಡನೆಯ ಕಪ್ಪು ಸ್ವಿಚ್ಚು, ಬಾಗಿಲ ಮೇಲೆ ಪಿಂಗಾಣಿಯ ಫ್ಯೂಸು. ರಬ್ಬರಿಗೆ ಆಯುಷ್ಯವುಂಟು. ದಶಕಗಳು ಉರುಳಿದಂತೆ ಅದು ಒಣಗಿ, ಬಿರಿದು, ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತದೆ. ಆಗ ತಂತಿ ಕಣ್ಣೆದುರಿಗಾದರೂ ಇತ್ತು. ಮುಂದೆ ಪಿ.ವಿ.ಸಿ. ಕೊಳವೆ ಬಂದು ತಂತಿ ಗಾರೆಯ ಹಿಂದೆ ಮರೆಯಾಯಿತು. ಮನೆ ಅಂದವಾಯಿತು, ದೋಷವೂ ಮರೆಯಾಯಿತು.

ನನ್ನ ತರಗತಿಯಲ್ಲಿ ಕುಳಿತವರಿಗೆ ಒಂದು ಸಣ್ಣ ಲೆಕ್ಕ. 40 ವಾಟಿನ ಒಂದು ಬಲ್ಬು 230 ವೋಲ್ಟಿನಲ್ಲಿ ಎಳೆದುಕೊಳ್ಳುವ ವಿದ್ಯುತ್ಪ್ರವಾಹ ಸುಮಾರು 0.17 ಆಂಪಿಯರು. 2000 ವಾಟಿನ ಗೀಸರು ಎಳೆಯುವುದು ಸುಮಾರು 8.7 ಆಂಪಿಯರು, ಎಂದರೆ ಐವತ್ತು ಬಲ್ಬುಗಳಿಗೆ ಸಮ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದೆಂದು ಜೌಲನ ನಿಯಮದಲ್ಲಿ ಓದಿದ್ದೀರಿ. ಹಾಗಾದರೆ ಶಾಖ ಐವತ್ತು ಪಟ್ಟಲ್ಲ, ಎರಡೂವರೆ ಸಾವಿರ ಪಟ್ಟು. ನಾಲ್ಕು ಬಲ್ಬು, ಒಂದು ರೇಡಿಯೋಗೆಂದು ಹಾಕಿದ ತಂತಿಯ ಮೇಲೆ ಇಂದು ನಾವು ಹೊರಿಸಿರುವ ಭಾರ ಇಂಥದು.

ನಿಯಮಗಳು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1910ರಲ್ಲಿ ಭಾರತೀಯ ವಿದ್ಯುತ್ ಅಧಿನಿಯಮ, 1956ರಲ್ಲಿ ವಿದ್ಯುತ್ ನಿಯಮಗಳು ಬಂದವು. ಪರವಾನಗಿ ಹೊಂದಿದ ಗುತ್ತಿಗೆದಾರರೇ ವೈರಿಂಗ್ ಮಾಡಬೇಕು, ಸಂಪರ್ಕ ಕೊಡುವ ಮುನ್ನ ತಂತಿಯ ನಿರೋಧವನ್ನು ಅಳೆಯಬೇಕು ಎಂದು 1956ರ ನಿಯಮಗಳು ವಿಧಿಸಿದವು. ಸಂಪರ್ಕ ಕೊಟ್ಟ ಮೇಲೂ ಐದು ವರ್ಷ ಮೀರದಂತೆ ಮರುಪರೀಕ್ಷೆ ನಡೆಯಬೇಕೆಂದು 46ನೆಯ ನಿಯಮ ಹೇಳಿತ್ತು. ನಾನು ಬಾಳಿದ ಮನೆಗಳಿಗೆ ಮೀಟರು ಓದುವವರು ತಿಂಗಳು ತಪ್ಪದೆ ಬಂದರು. ತಂತಿಯನ್ನು ಪರೀಕ್ಷಿಸಲು ಬಂದವರನ್ನು ನಾನು ಕಾಣಲಿಲ್ಲ. ಆ ನಿಯಮಗಳ ಸ್ಥಾನಕ್ಕೆ 2010ರಲ್ಲಿಯೂ ಮತ್ತೆ 2023ರಲ್ಲಿಯೂ ಕೇಂದ್ರ ವಿದ್ಯುತ್ ಪ್ರಾಧಿಕಾರದ ಹೊಸ ವಿನಿಯಮಗಳು ಬಂದಿವೆ. ಆದರೂ ಕ್ರಯಪತ್ರ ನೋಂದಾಯಿಸುವ ದಿನ ತಂತಿಯ ಪ್ರಮಾಣಪತ್ರವನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಇದರಿಂದ ಆಗುವುದೇನು? ಹಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರು ಒಂದು ಹಳೆಯ ಮನೆಯನ್ನು ಕೊಂಡರು. ಗೃಹಪ್ರವೇಶವಾದ ಮೂರನೆಯ ವಾರ ಅವರ ಸೊಸೆ ಬಚ್ಚಲುಮನೆಯ ನಲ್ಲಿಯನ್ನು ಮುಟ್ಟಿದೊಡನೆ ಕೈ ಜುಮ್ಮೆಂದು ಹಿಂದಕ್ಕೆ ಎಸೆಯಿತು. ಕಾಲಿನಲ್ಲಿ ರಬ್ಬರಿನ ಚಪ್ಪಲಿ ಇದ್ದುದರಿಂದ ಉಳಿದರು. ಗೋಡೆ ಒಡೆದು ನೋಡಿದಾಗ ಗೀಸರಿನ ಮೂರು ಪಿನ್ನಿನ ಸಾಕೆಟ್ಟಿನಿಂದ ಹೊರಟ ಅರ್ತಿಂಗ್ ತಂತಿ ಒಂದಡಿ ಒಳಕ್ಕೆ ಹೋಗಿ ಅಲ್ಲಿಯೇ ನಿಂತಿತ್ತು. ಭೂಮಿಯನ್ನು ಮುಟ್ಟಿರಲೇ ಇಲ್ಲ. ಮಾರಿದವರನ್ನು ದೂರುವಂತಿರಲಿಲ್ಲ. ಅವರು ಕೊನೆಯವರೆಗೂ ಒಲೆಯ ಮೇಲಿನ ಹಂಡೆಯಲ್ಲಿ ನೀರು ಕಾಯಿಸಿಕೊಂಡವರು. ಆ ಸಾಕೆಟ್ಟನ್ನು ಒಮ್ಮೆಯೂ ಬಳಸಿದವರಲ್ಲ. ದೋಷ ಅವರಿಗೂ ತಿಳಿದಿರಲಿಲ್ಲ. 1882ರ ಕಾನೂನು ಸೋಲುವುದು ಇಲ್ಲಿಯೇ. ಮಾರುವವನು ಪ್ರಾಮಾಣಿಕ, ಕೊಳ್ಳುವವನು ಜಾಗರೂಕ. ಆದರೂ ಇಬ್ಬರೂ ಕಾಣದ ಮೃತ್ಯು ಗೋಡೆಯೊಳಗಿದೆ. ಅದನ್ನು ಕಾಣಲು ಉಪಕರಣ ಹಿಡಿದ ಮೂರನೆಯವನೊಬ್ಬ ಬೇಕು.

ಈ ಮೂರನೆಯವನನ್ನು ಕೆಲವು ದೇಶಗಳು ಕಾನೂನಿನಿಂದಲೇ ಕರೆತಂದಿವೆ. ಬೆಲ್ಜಿಯಂನಲ್ಲಿ ಮನೆಗಳ ವಿದ್ಯುತ್ ವ್ಯವಸ್ಥೆಗೆ ರಾಷ್ಟ್ರೀಯ ನಿಯಮಗಳು ಜಾರಿಗೆ ಬಂದದ್ದು 1981ರ ಅಕ್ಟೋಬರಿನಲ್ಲಿ. ಅದಕ್ಕೆ ಹಿಂದಿನ ಮನೆಗಳ ಗತಿಯೇನು? 2008ರ ಜುಲೈಯಿಂದ ಅಂಥ ಮನೆಯನ್ನು ಮಾರುವವನು ಪರೀಕ್ಷೆ ಮಾಡಿಸಬೇಕೆಂದಾಯಿತು. ದೋಷ ಕಂಡುಬಂದರೆ ಸರಿಪಡಿಸಿಕೊಳ್ಳಲು ಕೊಂಡವನಿಗೆ 18 ತಿಂಗಳ ಅವಧಿ. ಫ್ರಾನ್ಸಿನಲ್ಲಿ 2009ರ ಜನವರಿಯಿಂದ, ವಿದ್ಯುತ್ ವ್ಯವಸ್ಥೆ 15 ವರ್ಷಕ್ಕಿಂತ ಹಳೆಯದಾಗಿದ್ದರೆ ಮಾರುವವನು ವರದಿ ಕೊಡಬೇಕು. ರಿಪೇರಿಗೆ ಒತ್ತಾಯವಿಲ್ಲ, ವರದಿ ಮಾತ್ರ ಕಡ್ಡಾಯ. ಕೊಡದಿದ್ದರೆ ಗುಪ್ತದೋಷದ ಹೊಣೆಯಿಂದ ಅವನು ತಪ್ಪಿಸಿಕೊಳ್ಳುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮನೆ ಕೈಬದಲಾಗುವಾಗ ಪ್ರಮಾಣಪತ್ರ ಎರಡು ವರ್ಷಕ್ಕಿಂತ ಹಳೆಯದಾಗಿರಬಾರದು. ಸೋಜಿಗವೆಂದರೆ, 1882ರ ನಿಯಮಗಳ ತವರಾದ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಇಂಥ ಕಡ್ಡಾಯವಿಲ್ಲ. ಅಲ್ಲಿ ಬಾಡಿಗೆಯ ಮನೆಗಳಿಗೆ ಮಾತ್ರ, 2020ರಲ್ಲಿ ಬಂದ ನಿಯಮದಂತೆ, ಐದು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು.

ಮಾರಾಟದ ಸಮಯವನ್ನೇ ಆರಿಸಿಕೊಂಡದ್ದರಲ್ಲಿ ಒಂದು ವಿವೇಕವಿದೆ. ಯಾವ ಸರ್ಕಾರವೂ ಎಲ್ಲ ಮನೆಗಳ ಬಾಗಿಲು ತಟ್ಟಲಾರದು. ಆದರೆ ಇಂದಲ್ಲ ನಾಳೆ ಬಹುಪಾಲು ಮನೆಗಳು ಕೈಬದಲಾಗುತ್ತವೆ. ಆಗ ಮನೆ ಖಾಲಿಯಿರುತ್ತದೆ, ಗೋಡೆ ಒಡೆಯಲು ಅಡ್ಡಿಯಿರುವುದಿಲ್ಲ, ಬೆಲೆಯ ಮಾತುಕತೆಯೂ ನಡೆಯುತ್ತಿರುತ್ತದೆ.

ನಮ್ಮಲ್ಲಿ ಕಾನೂನು ಕೇಳುವುದಿಲ್ಲವೆಂದು ನಾವೂ ಸುಮ್ಮನಿರಬೇಕಾಗಿಲ್ಲ. ಹಿರಿಯರ ಮನೆಯನ್ನು ಪಾಲಾದ ಮೇಲೆ ಮಾರುವ ಬಂಧುಗಳಿಗೂ, ಹಳೆಯ ಮನೆ ಕೊಳ್ಳಲು ಹೊರಟಿರುವ ನನ್ನ ವಿದ್ಯಾರ್ಥಿಗಳಿಗೂ ಒಂದೇ ಮಾತು. ಪರವಾನಗಿ ಇರುವ ಗುತ್ತಿಗೆದಾರರನ್ನು ಕರೆಸಿ ಮೆಗ್ಗರಿನಿಂದ ತಂತಿಯ ನಿರೋಧವನ್ನು ಅಳೆಯಿಸಿರಿ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಆ ತಂತಿಯನ್ನು ನಂಬಬೇಡಿ. ಪ್ರತಿಯೊಂದು ಸಾಕೆಟ್ಟಿನ ಅರ್ತಿಂಗು ನಿಜವಾಗಿ ಭೂಮಿಗೆ ಸೇರಿದೆಯೇ ನೋಡಿಸಿರಿ. 30 ಮಿಲಿಆಂಪಿಯರು ಸೋರಿದರೂ ಸರಬರಾಜನ್ನು ಕಡಿಯುವ ಆರ್.ಸಿ.ಸಿ.ಬಿ. ಇದೆಯೇ, ಅದರ ಪರೀಕ್ಷಾ ಗುಂಡಿಯನ್ನು ಒತ್ತಿದರೆ ಬೀಳುತ್ತದೆಯೇ ನೋಡಿರಿ. ಫ್ಯೂಸು ಇದೆಯೆಂಬ ಧೈರ್ಯ ಸಾಲದು. 5 ಆಂಪಿಯರಿನ ಫ್ಯೂಸು ತಂತಿಯನ್ನು ಕಾಯುತ್ತದೆ. ಮನುಷ್ಯನ ಪ್ರಾಣ ತೆಗೆಯಲು ಒಂದು ಆಂಪಿಯರಿನ ಹತ್ತರಲ್ಲೊಂದು ಪಾಲೂ ಸಾಕು. ಕಂಡುದನ್ನು ಬರೆಯಿಸಿ, ಸಹಿ ಹಾಕಿಸಿ, ಮೂಲಪತ್ರಗಳ ಜೊತೆಯಲ್ಲಿ ಇಡಿರಿ. ಮುಂದೊಮ್ಮೆ ನಿಮ್ಮಿಂದ ಆ ಮನೆಯನ್ನು ಕೊಳ್ಳುವವರಿಗೂ ಅದು ಉಪಯೋಗಕ್ಕೆ ಬಂದೀತು.