ನೆರಳಿನ ಬಣ್ಣ, ಮರಳಿನ ಬೆಳಕು: ಟ್ರೂವಿಲ್‌ನಿಂದ ವಲೆನ್ಸಿಯಾದವರೆಗೆ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಕ್ಲೋದ್ ಮೋನೆ 1870ರಲ್ಲಿ ಬರೆದ ‘ಟ್ರೂವಿಲ್ ಕಡಲತೀರ’ ಎಂಬ ತೈಲಚಿತ್ರವಿದೆ. ಅಗಲ ಒಂದೂವರೆ ಅಡಿಯಷ್ಟೇ. ಬಿಳಿ ಉಡುಪಿನವಳೊಬ್ಬಳು, ಕಡುಬಣ್ಣದ ಉಡುಪಿನವಳೊಬ್ಬಳು, ನಡುವೆ ಖಾಲಿ ಕುರ್ಚಿ. ಬಿಳಿ ಉಡುಪಿನವಳು ಆ ಬೇಸಗೆಯಲ್ಲೇ ಮೋನೆಯನ್ನು ಮದುವೆಯಾದ ಕಮೀಲ್. ಬಣ್ಣದ ಪದರದೊಳಗೆ ನಿಜವಾದ ಮರಳಿನ ಕಣಗಳು ಸಿಕ್ಕಿಕೊಂಡಿವೆ. ಚಿತ್ರವನ್ನು ದಡದಲ್ಲೇ ಕುಳಿತು ಬರೆದದ್ದಕ್ಕೆ ಬೇರೆ ಸಾಕ್ಷಿ ಬೇಡ. ಗ್ಯಾಲರಿಗೆ ಹೋದವರಿಗೆಲ್ಲ ಈ ಕಣಗಳ ಕತೆ ಇಷ್ಟ. ನನಗೆ ಮಾತ್ರ ಕಮೀಲ್‌ಳ ಮುಖದ ಮೇಲಿನ ನೆರಳೇ ದೊಡ್ಡ ದಾಖಲೆಯಾಗಿ ಕಾಣುತ್ತದೆ. ಕಡಲತೀರದ ಚಿತ್ರದಲ್ಲಿ ಮರಳಿಗೆ ಬಿಸಿಲು ತಗುಲಿದ್ದು ನೆರಳಿನ ಬಣ್ಣ ಬದಲಾದ ಮೇಲೆ.

ಹದಿನೇಳನೇ ಶತಮಾನದ ಡಚ್ಚರು ಸ್ಕೆವೆನಿಂಗೆನ್ ದಡವನ್ನು ಮತ್ತೆ ಮತ್ತೆ ಚಿತ್ರಿಸಿದರು. ಯಾನ್ ವಾನ್ ಹೊಯೆನ್ ಕಂದು ಬಣ್ಣದ ನಾಲ್ಕಾರು ಛಾಯೆಗಳಲ್ಲೇ ಮರಳು, ಮೋಡ, ದೋಣಿ ಎಲ್ಲವನ್ನೂ ಮುಗಿಸುತ್ತಿದ್ದ. ತೆಳ್ಳಗೆ ಬಳಿದ ಬಣ್ಣದಡಿಯಿಂದ ಹಲಗೆಯೇ ಇಣುಕಿ ಮರಳಿನ ಕೆಲಸ ಮಾಡುತ್ತಿತ್ತು. ಮೋಡದ ದಿನಕ್ಕೆ ಅದು ಚೆನ್ನ, ಬಿಸಿಲಿಗೆ ಸಾಲದು. ಬೆಳಕನ್ನು ದಪ್ಪಗೆ, ನೆರಳನ್ನು ತೆಳುವಾದ ಕಂದಿನಲ್ಲಿ ಹಚ್ಚುವ ಚಿತ್ರಶಾಲೆಯ ಪದ್ಧತಿಯೂ ಇಂಥದ್ದೇ. ಕೋಣೆಯೊಳಗೆ ಕಿಟಕಿಯ ಬೆಳಕಿಗೆ ಅದು ಹೊಂದುತ್ತದೆ. ಬಯಲಲ್ಲಿ ನೆರಳಿಗೆ ಬೆಳಕು ಕೊಡುವುದು ಆಕಾಶ.

ಕೆಲಸ ಬಯಲಿಗೆ ಬರಲು ಒಂದು ಸಣ್ಣ ಸಲಕರಣೆ ನೆರವಾಯಿತು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ಬಣ್ಣ ತುಂಬುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ನಾರ್ಮಂಡಿಯ ಯೂಜೀನ್ ಬೂದೆನ್ 1860ರ ದಶಕದಲ್ಲಿ ಟ್ರೂವಿಲ್‌ನ ಸಿರಿವಂತ ಪ್ರವಾಸಿಗರನ್ನು ಗಾಳಿ, ಮೋಡಗಳ ಸಮೇತ ಬರೆದ. ಹರೆಯದ ಮೋನೆಯನ್ನು ಬಯಲಿಗೆ ಎಳೆದವನೂ ಅವನೇ.

ಬಯಲಲ್ಲಿ ಬರೆದ ಚಿತ್ರಗಳಲ್ಲಿ ನೆರಳು ಕಂದು ಬಿಟ್ಟು ನೇರಳೆಯಾದದ್ದಕ್ಕೆ ಎರಡು ಕಾರಣಗಳಿವೆ. ಅವನ್ನು ಬೆರೆಸಿಬಿಡುವುದು ವಿಮರ್ಶೆಯಲ್ಲಿ ರೂಢಿಯಾಗಿದೆ. ಒಂದು ಭೌತಿಕ: ಸೂರ್ಯನ ನೇರ ಬೆಳಕು ತಪ್ಪಿದ ಜಾಗಕ್ಕೆ ನೀಲಿ ಆಕಾಶದ ಬೆಳಕು ಬೀಳುತ್ತದೆ. ಇನ್ನೊಂದು ಕಣ್ಣಿನದು: ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನಜ್ಞ ಶೆವ್ರೋಲ್ 1839ರಲ್ಲಿ ವಿವರಿಸಿದ ಹಾಗೆ, ಹಳದಿಯ ಪಕ್ಕದ ಬೂದು ನೇರಳೆಯ ಕಡೆ ವಾಲಿದಂತೆ ಕಾಣುತ್ತದೆ. ಮರಳಿನ ಮೇಲೆ ಎರಡೂ ಒಟ್ಟಿಗೆ ನಡೆಯುತ್ತವೆ. ಇದನ್ನು ನಂಬದ ವಿಮರ್ಶಕ ಹ್ಯೂಸ್ಮಾನ್ಸ್‌ಗೆ ಮೋನೆಯಂಥ ಇಂಪ್ರೆಷನಿಸ್ಟರ ನೀಲಿ ಕಣ್ಣಿನ ರೋಗವೆನಿಸಿತ್ತು. ನೆರಳಿಗೆ ಕಪ್ಪು ಬೆರೆಸಿ ಎಂದು ಮಕ್ಕಳಿಗೆ ಹೇಳಿಕೊಡುವವರು ಈಗಲೂ ಇದ್ದಾರೆ, ಬಿಡಿ.

ನೆರಳಿನ ಈ ನೇರಳೆಯನ್ನು ಅಳುಕಿಲ್ಲದೆ ಬಳಸಿದವನು ವಲೆನ್ಸಿಯಾದ ಹೊಆಕಿನ್ ಸೊರೊಯಾ (1863–1923). 1909ರಲ್ಲಿ ನ್ಯೂಯಾರ್ಕಿನ ಪ್ರದರ್ಶನ ಗೆದ್ದು ಊರಿಗೆ ಮರಳಿದ ಆ ಬೇಸಗೆಯಲ್ಲಿ ಅವನು ‘ಕಡಲತೀರದ ನಡಿಗೆ’ ಬರೆದ. ಎರಡು ಮೀಟರ್ ಎತ್ತರದ ಕ್ಯಾನ್ವಾಸಿನಲ್ಲಿ ಹೆಂಡತಿ ಕ್ಲೊಟಿಲ್ಡೆ, ಮಗಳು ಮರಿಯಾ. ದಿಗಂತವೇ ಇಲ್ಲ. ಹುಡುಗನಾಗಿದ್ದಾಗ ಛಾಯಾಚಿತ್ರದ ಸ್ಟುಡಿಯೋದಲ್ಲಿ ದುಡಿದವನ ಚೌಕಟ್ಟು ಇದು; ಆ ಸ್ಟುಡಿಯೋದ ಯಜಮಾನರೇ ಮುಂದೆ ಮಾವನಾದರು. ಬಿಳಿ ಉಡುಪುಗಳಲ್ಲಿ ಶುದ್ಧ ಬಿಳಿ ಹುಡುಕಿದರೆ ಸಿಗುವುದು ಸ್ವಲ್ಪವೇ. ಮಡಿಕೆಗಳಲ್ಲಿ ನೀಲಿ, ನೇರಳೆ. ಕೆಲವೆಡೆ ಮರಳಿನಿಂದ ಪುಟಿದ ಬೆಚ್ಚನೆಯ ಹಳದಿ. ಹಿಂದಿನ ಮರಳು, ನೀರು ಬರೀ ಅಗಲ ಅಗಲ ಗೀರುಗಳು. ಹತ್ತಿರ ಹೋದರೆ ಒಂದು ಕಣವೂ ಇಲ್ಲ.

ಒದ್ದೆ ಮರಳು ಇದಕ್ಕಿಂತ ಕಷ್ಟದ್ದು. ಒಣ ಕಣಗಳ ನಡುವೆ ಗಾಳಿ ಇರುವಾಗ ಬೆಳಕು ಚದುರಿ ಬೇಗ ಹೊರಬರುತ್ತದೆ. ಆ ಸಂದುಗಳಿಗೆ ನೀರು ತುಂಬಿದರೆ ಬೆಳಕು ಇನ್ನೂ ಒಳಕ್ಕೆ ಇಳಿಯುತ್ತದೆ, ಮರಳಲ್ಲೇ ಇಂಗುವ ಪಾಲು ಹೆಚ್ಚುತ್ತದೆ. ಹಾಗಾಗಿ ಮರಳು ಕಪ್ಪಿಡುತ್ತದೆ. ಮೇಲೆ ನೀರಿನ ಪೊರೆ ನಿಂತಿದ್ದರೆ ಅದೇ ಕಪ್ಪು ಕನ್ನಡಿಯೂ ಆಗುತ್ತದೆ. ಹೀಗಾಗಿ ಚಿತ್ರಕಾರ ಒಂದೇ ಜಾಗದಲ್ಲಿ ನೆಲ, ನೆರಳು, ಪ್ರತಿಬಿಂಬ ಮೂರನ್ನೂ ಹೊಂದಿಸಬೇಕು. ಮ್ಯಾಡ್ರಿಡ್‌ನ ಪ್ರಾದೋದಲ್ಲಿರುವ ‘ದಡದ ಹುಡುಗರು’ (1909) ಚಿತ್ರದಲ್ಲಿ ಮೂವರು ಬೆತ್ತಲೆ ಹುಡುಗರು ಅಲೆಯಂಚಿನಲ್ಲಿ ಬೋರಲು ಬಿದ್ದಿದ್ದಾರೆ. ಮೈ ಮರಳಿಗೆ ತಾಗುವ ಗೆರೆಯನ್ನು ಸೊರೊಯಾ ಎಲ್ಲೂ ಗಟ್ಟಿಯಾಗಿ ಎಳೆದಿಲ್ಲ. ಚರ್ಮದ ಕಂದು ಹಾಗೇ ಜಾರಿ ನೀರಿಗಿಳಿಯುತ್ತದೆ. ಅದರ ಪಕ್ಕದಲ್ಲೇ ನೇರಳೆ ನೆರಳು.