ದಬ್ಬೇಘಟ್ಟದ ಫೋನಿನೊಳಗೆ ಬೆಂಗಳೂರಿನ ದುರಸ್ತಿ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯ ತೆಂಗು ಬೆಳೆಗಾರರಿಗೆ ತಿಪಟೂರು ಮಾರುಕಟ್ಟೆಯ ಉಂಡೆಕೊಬ್ಬರಿ ಧಾರಣೆ ಈಗ ಮೊಬೈಲಿಗೇ ಬರುತ್ತದೆ. ಅದು ಆ್ಯಂಡ್ರಾಯ್ಡ್ ಫೋನಾಗಿದ್ದರೆ, ಅದರ ತಳದಲ್ಲಿ ಪ್ರೊಸೆಸರು, ಮೆಮೊರಿ, ಪರದೆ, ರೇಡಿಯೊಗಳನ್ನೆಲ್ಲ ಆ್ಯಪ್‌ಗಳಿಗೆ ಹಂಚಿಕೊಡುವ ತಂತ್ರಾಂಶ ಲಿನಕ್ಸ್ ಕರ್ನೆಲ್. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿ, 1992ರಲ್ಲಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಗೆ ಒಪ್ಪಿಸಿದ ಈ ಕರ್ನೆಲ್‌ನ ಚರಿತ್ರೆಯನ್ನು ಫಿನ್ಲೆಂಡ್ ಮತ್ತು ಅಮೆರಿಕದ ಕತೆಯಾಗಿ ಹೇಳುವುದು ರೂಢಿ. ಬೆಂಗಳೂರಿನ ಸಾಫ್ಟ್‌ವೇರ್ ಚರಿತ್ರೆಯನ್ನು ಬೇರೊಂದು ಕತೆಯಾಗಿ, ಕಂಪನಿಗಳ ವಹಿವಾಟು ಮತ್ತು ಕಟ್ಟಡಗಳ ಎತ್ತರದ ಲೆಕ್ಕದಲ್ಲಿ ಹೇಳುವುದೂ ರೂಢಿ. ಈ ಎರಡು ಕತೆಗಳು ಸೇರುವ ಒಂದು ಜಾಗವಿದೆ. 2000ದ ನಂತರದ ಹತ್ತು ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕೂತು ಕೆಲಸ ಮಾಡಿದ ಒಂದು ಸಣ್ಣ ಗುಂಪು ಈ ಕರ್ನೆಲ್‌ಗೆ ಕೊಟ್ಟದ್ದು ಮುಖ್ಯವಾಗಿ ದುರಸ್ತಿಯ ಕೆಲಸ, ಅದರಲ್ಲೂ ದೋಷ ಹುಡುಕುವ ಸಲಕರಣೆಗಳು. ನಮ್ಮ ನಾಡಿನ ಈ ಕಸುಬಿನ ಚರಿತ್ರೆ ಬರೆಯುವವರು ಆ ಕೆಲಸವನ್ನು ನಡುವೆ ಇಟ್ಟು ಬರೆಯಬೇಕು ಎಂಬುದು ನನ್ನ ವಾದ.

ದುರಸ್ತಿಯನ್ನು ಚರಿತ್ರೆಯ ಲೆಕ್ಕಕ್ಕೆ ಸೇರಿಸುವುದು ಈ ಸೀಮೆಗೆ ಹೊಸ ಪದ್ಧತಿಯೇನಲ್ಲ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿರುವಂತೆ ಒಡೆದ ಏರಿಯನ್ನು ಮತ್ತೆ ಕಟ್ಟಿಸಿದವರ, ತೂಬು ಇಡಿಸಿದವರ ಹೆಸರೂ ಇದೆ. ಕೆರೆಯ ಉಸ್ತುವಾರಿಗೆಂದೇ ಬಿಟ್ಟ ಕಟ್ಟುಕೊಡಗೆಯ ಉಲ್ಲೇಖಗಳಿವೆ. ಆದರೆ ದಿನವೂ ತೂಬಿನ ಬಳಿ ಇದ್ದ ನೀರುಗಂಟಿಯ ಹೆಸರು, ಹೂಳು ಹೊತ್ತವರ ಹೆಸರು ಕಲ್ಲಿಗೆ ಏರಲಿಲ್ಲ. ಲಿನಕ್ಸ್ ಕರ್ನೆಲ್‌ನ ದಾಖಲೆ ಅಂಥವರ ಹೆಸರನ್ನೂ ಕೆತ್ತುವ ಶಾಸನ. ಒಂದು ಸಾಲು ಬದಲಾದರೂ ಬದಲಿಸಿದವರು ಯಾರು, ಯಾವತ್ತು, ಏಕೆ, ದೋಷವನ್ನು ಮೊದಲು ತಿಳಿಸಿದವರು ಯಾರು, ಪರೀಕ್ಷಿಸಿದವರು ಯಾರು, ಯಾವ ಹಳೆಯ ಬದಲಾವಣೆಯಿಂದ ಆ ದೋಷ ಹುಟ್ಟಿತು ಎಂಬುದೆಲ್ಲ ಅದರ ಜೊತೆಗೇ ಬರೆದಿಡಬಹುದು. ಎಸ್‌ಸಿಒ ಕಂಪನಿ, ಲಿನಕ್ಸ್ ಒಳಗೆ ತನ್ನ ಸಾಲುಗಳು ಸೇರಿವೆಯೆಂದು 2003ರಲ್ಲಿ ಹೂಡಿದ ದಾವೆಯ ಹಿನ್ನೆಲೆಯಲ್ಲಿ, 2004ರಿಂದ ಪ್ರತಿ ಬದಲಾವಣೆಗೂ ಹೊಣೆ ಹೊತ್ತವರ ಸಹಿ ಬೇಕೆಂಬ ನಿಯಮ ಬಂತು. 2005ರ ಏಪ್ರಿಲ್‌ನಲ್ಲಿ ಟೊರ್ವಾಲ್ಡ್ಸ್ ಗಿಟ್ ಎಂಬ ಸಾಧನ ಬರೆದ ಮೇಲೆ ಈ ದಾಖಲೆ ಯಾರು ಬೇಕಾದರೂ ತೆರೆದು ಓದಬಹುದಾದ ಒಂದೇ ಸರಣಿಯಾಯಿತು. ಅದಕ್ಕಿಂತ ಹಿಂದಿನ ಕೆಲಸಕ್ಕೆ ಕಡತಗಳ ತಲೆಯಲ್ಲಿರುವ ಬರಹವೂ ಸಾಕ್ಷಿ, ಮತ್ತು ಬೆಂಗಳೂರಿನ ಮಟ್ಟಿಗೆ ಅತ್ಯಂತ ಬೆಲೆಯುಳ್ಳ ಸಾಕ್ಷಿ ಅಲ್ಲಿಯೇ ಇದೆ.

ಇಂಥ ದಾಖಲೆಯ ಬೆಲೆ ತಿಳಿಯಬೇಕಾದರೆ ತುಸು ಹಿಂದಿನ ದಶಕವನ್ನು ನೋಡಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 1990ರ ದಶಕದ ಕೊನೆಗೆ ವೈ-ಟು-ಕೆ ಕೆಲಸ ಇಲ್ಲಿನ ಸಾವಿರಾರು ಎಂಜಿನಿಯರುಗಳಿಗೆ ಉದ್ಯೋಗ ಕೊಟ್ಟಿತು. ಅದೂ ದುರಸ್ತಿಯೇ. ಇಸವಿಗೆ ಎರಡೇ ಅಂಕಿ ಇಟ್ಟಿದ್ದ ಹಳೆಯ ಕೋಬಾಲ್ ಕಾರ್ಯಕ್ರಮಗಳನ್ನು ಸಾಲು ಸಾಲಾಗಿ ಓದಿ, 2000ನೇ ಇಸವಿ ಬಂದಾಗ ಲೆಕ್ಕ ತಪ್ಪದಂತೆ ತಿದ್ದಿದ ಶ್ರಮ ಸಾಮಾನ್ಯವಲ್ಲ. ಆದರೆ ತಿದ್ದಿದ ಸಾಲುಗಳು ಬ್ಯಾಂಕು, ವಿಮಾ ಕಂಪನಿಗಳ ಒಳಗೇ ಉಳಿದವು. ತಿದ್ದಿದವರ ಹೆಸರು ಎಲ್ಲೂ ಹೊರಗೆ ಬರಲಿಲ್ಲ. ಬೆಂಗಳೂರಿನವರು ಕೂಲಿಗೆ ಬರೆದುಕೊಟ್ಟವರು, ಸ್ವಂತದ್ದೇನೂ ಉಳಿಸಲಿಲ್ಲ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಕೌಶಲ ಇತ್ತು, ದಾಖಲೆ ಇರಲಿಲ್ಲ. ಅದೇ ನಗರದಲ್ಲಿ, ಎರಡು ಮೂರು ವರ್ಷಗಳ ಅಂತರದಲ್ಲಿ, ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿ ನಡೆದ ದುರಸ್ತಿಗೆ ದಾಖಲೆ ಇದ್ದದ್ದರಿಂದ ಇವತ್ತು ಅದರ ಚರಿತ್ರೆ ಬರೆಯಲು ಸಾಧ್ಯವಾಗಿದೆ.

ಆ ಕೇಂದ್ರದ ಕೆಲಸವಾದ ಕೆಪ್ರೋಬ್ಸ್ ಎಂಬ ಸಲಕರಣೆಯ ಕಡತವನ್ನು ತೆರೆದರೆ ತಲೆಬರಹದಲ್ಲಿ ನಾಲ್ಕಾರು ಸಾಲಿನ ಒಂದು ವಂಶಾವಳಿ ಇದೆ: 2002ರ ಅಕ್ಟೋಬರ್‌ನಲ್ಲಿ ವಂಶಿಕೃಷ್ಣ ಎಸ್. ರಚಿಸಿದ್ದು, 2004ರಲ್ಲಿ ಪ್ರಸನ್ನ ಪಂಚಮುಖಿ ಪರಿಷ್ಕರಿಸಿದ್ದು, ಅದೇ ವರ್ಷ ಸುಪರ್ಣಾ ಭಟ್ಟಾಚಾರ್ಯ, ಫಂಕ್ಷನ್ನಿಗೆ ಬರುವ ಮೌಲ್ಯಗಳನ್ನು ನೋಡುವ ಜಂಪರ್ ಪ್ರೋಬ್ ಸೇರಿಸಿದ್ದು. ಕರ್ನೆಲ್‌ನಲ್ಲಿ ದೋಷ ಹುಡುಕುವುದು ಏಕೆ ಕಷ್ಟವೆಂದರೆ, ಉಳಿದೆಲ್ಲ ತಂತ್ರಾಂಶಗಳನ್ನು ನಡೆಸುವ ತಂತ್ರಾಂಶವೇ ಅದು. ಅದನ್ನು ನಿಲ್ಲಿಸಿ ನೋಡಿದರೆ ಯಂತ್ರವೇ ನಿಲ್ಲುತ್ತದೆ. ಹಿಂದೆ ಅನುಮಾನ ಬಂದ ಜಾಗದಲ್ಲಿ ಮುದ್ರಣದ ಸಾಲು ಸೇರಿಸಿ, ಕರ್ನೆಲ್ಲನ್ನು ಮತ್ತೆ ಕಂಪೈಲ್ ಮಾಡಿ, ಯಂತ್ರವನ್ನು ಮತ್ತೆ ಶುರು ಮಾಡಿ, ಆ ದೋಷ ಇನ್ನೊಮ್ಮೆ ತಲೆದೋರುವವರೆಗೆ ಕಾಯಬೇಕಿತ್ತು. ಕೆಪ್ರೋಬ್ಸ್ ಓಡುತ್ತಿರುವ ಕರ್ನೆಲ್‌ನ ಒಂದು ಆದೇಶದ ಜಾಗದಲ್ಲಿ ತಡೆ ಇಡುತ್ತದೆ. ಪ್ರೊಸೆಸರು ಅಲ್ಲಿಗೆ ಬಂದಾಗ ಬೇಕಾದ ವಿವರ ಗುರುತಿಸಿಕೊಂಡು, ಮೂಲ ಆದೇಶವನ್ನು ತಪ್ಪದೆ ನಡೆಸಿ, ಕೆಲಸವನ್ನು ಮುಂದಕ್ಕೆ ಬಿಡುತ್ತದೆ. ಯಂತ್ರ ನಿಲ್ಲುವುದಿಲ್ಲ. 2004ರಲ್ಲಿ 2.6.9ನೇ ಆವೃತ್ತಿಯಲ್ಲಿ ಇದು ಮುಖ್ಯ ಕರ್ನೆಲ್‌ಗೆ ಸೇರಿತು. 2006ರ ಒಟ್ಟಾವ ಲಿನಕ್ಸ್ ಸಮ್ಮೇಳನದಲ್ಲಿ ಇದರ ಒಳರಚನೆ ವಿವರಿಸಿದ ಪ್ರಬಂಧದ ಲೇಖಕರಲ್ಲಿ ಅನಂತ ಮಾವಿನಕಾಯನಹಳ್ಳಿ ಮತ್ತು ಪಂಚಮುಖಿ ಅವರಿದ್ದಾರೆ. ಜಂಪರ್ ಪ್ರೋಬನ್ನು 2018ರಲ್ಲಿ ಕರ್ನೆಲ್‌ನಿಂದ ತೆಗೆದರು, ಅದಕ್ಕಿಂತ ಒಳ್ಳೆಯ ದಾರಿಗಳು ಬಂದಿದ್ದವು. ಅದನ್ನು ಸೇರಿಸಿದ ವಿವರ ಮಾತ್ರ ತಲೆಬರಹದಲ್ಲಿ ಉಳಿದಿದೆ. ಕೆಲಸ ಹಳತಾದರೂ ಕೆಲಸದವರ ಹೆಸರನ್ನು ಅಳಿಸದ ಈ ಶಿಷ್ಟಾಚಾರ ನನಗೆ ಬಹಳ ಮೆಚ್ಚುಗೆಯಾದದ್ದು.

ಕೆಡಂಪ್ ಇನ್ನೊಂದು ಸಲಕರಣೆ. ಕರ್ನೆಲ್ ಕುಸಿದಾಗ ಅದರ ಕಾರಣದ ಸುಳಿವು ಮೆಮೊರಿಯಲ್ಲಿರುತ್ತದೆ, ಆದರೆ ಆ ಮೆಮೊರಿಯನ್ನು ಡಿಸ್ಕಿಗೆ ಬರೆಯಬೇಕಾದ ಕರ್ನೆಲ್ಲೇ ಕುಸಿದುಬಿದ್ದಿದೆ. ಕುಸಿದದ್ದನ್ನು ನಂಬಿ ಬರೆಯಿಸಿದರೆ ಒಳ್ಳೆಯ ಮಾಹಿತಿಯೂ ಕೆಡಬಹುದು. ಮೊದಲೇ ಒಂದಿಷ್ಟು ಮೆಮೊರಿ ಕಾದಿರಿಸಿ ಅಲ್ಲಿ ಎರಡನೇ ಕರ್ನೆಲ್ಲನ್ನು ಸಿದ್ಧವಾಗಿಟ್ಟು, ಮೊದಲನೆಯದು ಬಿದ್ದ ಕ್ಷಣ ಎರಡನೆಯದಕ್ಕೆ ಹಾರಿ, ಅದರ ಕೈಯಿಂದ ಹಳೆಯ ಮೆಮೊರಿಯ ಪ್ರತಿ ತೆಗೆಸುವುದು ಇದರ ಉಪಾಯ. 2005ರಲ್ಲಿ 2.6.13ರ ಹೊತ್ತಿಗೆ ಮುಖ್ಯ ಕರ್ನೆಲ್‌ನೊಳಗೆ ಬಂದ ಇದರ ಕಡತಗಳಲ್ಲಿ ಹರಿಪ್ರಸಾದ್ ನೆಲ್ಲಿತೀರ್ಥ, ವಿವೇಕ್ ಗೋಯಲ್ ಎಂಬ ಹೆಸರುಗಳಿವೆ. ಇದೇ ತಂಡದ ದೀಪಂಕರ್ ಶರ್ಮಾ, ಅಮೆರಿಕದ ಪಾಲ್ ಮೆಕೆನಿ ಜೊತೆ ಸೇರಿ, 2002ರಲ್ಲಿ 2.5.43ನೇ ಆವೃತ್ತಿಗೆ ಆರ್‌ಸಿಯು ಎಂಬ ವಿಧಾನವನ್ನು ತಂದರು. ಓದುವವರು ಯಾರೂ ಬೀಗಕ್ಕಾಗಿ ಕಾಯದೆ ಓದುತ್ತಿರಲು, ಬದಲಿಸುವವರು ಒಂದು ಪ್ರತಿ ಮಾಡಿಕೊಂಡು ಅದನ್ನು ತಿದ್ದಿ, ಹಳೆಯದನ್ನು ಓದುತ್ತಿದ್ದವರೆಲ್ಲ ಮುಗಿಸಿದ ಮೇಲೆ ಆ ಹಳೆಯದನ್ನು ಬಿಡುಗಡೆ ಮಾಡುವ ಕ್ರಮ ಅದು. ಈಗ ಅದಿಲ್ಲದ ಲಿನಕ್ಸ್ ಇಲ್ಲ.

ದಬ್ಬೇಘಟ್ಟದ ಫೋನಿಗೆ ನೇರವಾಗಿ ತಾಗುವ ಕೆಲಸ ಇನ್ನೊಂದು. ಯಾವ ಕಾರ್ಯಕ್ಕೆ ಪ್ರೊಸೆಸರಿನ ಎಷ್ಟು ಹೊತ್ತು ಎಂದು ನಿರ್ಣಯಿಸುವ ಕಡತದಲ್ಲಿ, ಕಾರ್ಯಗಳನ್ನು ಗುಂಪು ಮಾಡಿ ಗುಂಪಿಗೆ ಪಾಲು ಕೊಡುವ ಭಾಗವನ್ನು 2007ರಲ್ಲಿ ಇದೇ ತಂಡದ ಶ್ರೀವತ್ಸ ವಡ್ಡಗಿರಿ ಬರೆದರೆಂದು ತಲೆಬರಹ ಹೇಳುತ್ತದೆ. ಆ್ಯಂಡ್ರಾಯ್ಡ್ ತನ್ನ ಮೊದಲ ವರ್ಷಗಳಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನೆಲ್ಲ ಒಂದು ಗುಂಪಿಗೆ ಹಾಕಿ ಸಣ್ಣ ಪಾಲು ಕೊಟ್ಟು, ಪರದೆಯ ಮೇಲಿರುವ ಆ್ಯಪ್‌ಗೆ ದೊಡ್ಡ ಪಾಲು ಕೊಟ್ಟದ್ದು ಇದನ್ನು ಆಧರಿಸಿಯೇ. ಕಡಿಮೆ ಬೆಲೆಯ, ಸಣ್ಣ ಪ್ರೊಸೆಸರಿನ ಫೋನು ಕೈಗೆ ಸಿಕ್ಕವರಿಗೆ ಈ ಹಂಚಿಕೆಯ ಬೆಲೆ ಹೆಚ್ಚು. 2023ರಲ್ಲಿ 6.6ನೇ ಆವೃತ್ತಿಯಲ್ಲಿ ಸರದಿ ನಿರ್ಣಯಿಸುವ ಮೂಲ ಸೂತ್ರವನ್ನೇ ಬದಲಿಸಿ ಇಇವಿಡಿಎಫ್ ಎಂಬ ಹೊಸ ಕ್ರಮ ತಂದರು. ಗುಂಪಿನ ಹಂಚಿಕೆಯೂ ಆ ತಲೆಬರಹವೂ ಹಾಗೇ ಇವೆ.

ನನ್ನ ವಾದಕ್ಕೆ ಮೊದಲ ಆಕ್ಷೇಪ: ಸಂಬಳ ಕೊಟ್ಟದ್ದು ಅಮೆರಿಕದ ಕಂಪನಿ, ಕೆಲಸ ಮಾಡಿದವರು ನಾನಾ ಪ್ರಾಂತದವರು, ಇದರಲ್ಲಿ ನಮ್ಮ ನಾಡಿನದೆಂಬುದೇನು? ಸಂಬಳ ಕೊಟ್ಟವರ ಹಿತಾಸಕ್ತಿ ಇತ್ತು, ನಿಜ. ಐಬಿಎಂಗೆ ತನ್ನ ದೊಡ್ಡ ಸರ್ವರ್‌ಗಳಲ್ಲಿ ಲಿನಕ್ಸ್ ಗಟ್ಟಿಯಾಗಿ ನಿಲ್ಲಬೇಕಿತ್ತು. ಆದರೆ ಜಿಪಿಎಲ್ ಅಡಿ ಒಮ್ಮೆ ಹೊರಬಂದ ಕೆಲಸವನ್ನು ಯಾವ ಕಂಪನಿಯೂ ಹಿಂದಕ್ಕೆ ಪಡೆಯಲಾಗದು, ವೈ-ಟು-ಕೆ ಕಾಲದ ದುರಸ್ತಿಗೂ ಇದಕ್ಕೂ ಇರುವ ಅಂತರ ಅದೇ. ಇನ್ನು ಪ್ರಾಂತದ ಪ್ರಶ್ನೆ. ಒಂದು ಕಸುಬಿನ ಚರಿತ್ರೆ ಅದು ನಡೆದ ಊರಿಗೆ ಸೇರುತ್ತದೆ, ಮಾಡಿದವರ ಹುಟ್ಟೂರಿಗಷ್ಟೇ ಅಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಚರಿತ್ರೆಯನ್ನು ಸಿ.ವಿ. ರಾಮನ್ ಅವರನ್ನು ಬಿಟ್ಟು ಯಾರೂ ಬರೆಯುವುದಿಲ್ಲ, ಅವರು ಹುಟ್ಟಿದ್ದು ತಿರುಚಿರಾಪಳ್ಳಿಯಲ್ಲಿ.

ದುರಸ್ತಿ ಎರಡನೇ ದರ್ಜೆಯ ಕೆಲಸ, ಹೊಸದನ್ನು ಕಟ್ಟುವುದೇ ಸಾಧನೆ ಎಂಬುದು ಇದಕ್ಕಿಂತ ಆಳವಾದ ಆಕ್ಷೇಪ. ಕರ್ನೆಲ್‌ನ ಅನುಭವ ಇದನ್ನು ಒಪ್ಪುವುದಿಲ್ಲ. 2016ರ ಅಕ್ಟೋಬರ್‌ನಲ್ಲಿ ಬಯಲಾದ ಡರ್ಟಿ ಕೌ ಎಂಬ ದೋಷದಿಂದ ಸಾಮಾನ್ಯ ಬಳಕೆದಾರನೊಬ್ಬ ಯಂತ್ರದ ಪೂರ್ತಿ ಅಧಿಕಾರ ಪಡೆಯಬಹುದಿತ್ತು. ಆ್ಯಂಡ್ರಾಯ್ಡ್ ಫೋನುಗಳೂ ಇದಕ್ಕೆ ಸಿಲುಕಿದವು. ಅದನ್ನು ಸರಿಪಡಿಸಿದ ಬದಲಾವಣೆಯ ಟಿಪ್ಪಣಿಯಲ್ಲೇ ಟೊರ್ವಾಲ್ಡ್ಸ್, ಹನ್ನೊಂದು ವರ್ಷ ಹಿಂದೆ ತಾವೇ ಇದನ್ನು ತಿದ್ದಲು ಹೋಗಿದ್ದು, ಸರಿಯಾಗಿ ತಿದ್ದದೆ, ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ತೊಂದರೆಯಾಗಿ ಆ ತಿದ್ದುಪಡಿ ರದ್ದಾದದ್ದನ್ನು ಬರೆದಿದ್ದಾರೆ. ಕಟ್ಟಿದವರಿಗೂ ದುರಸ್ತಿ ಸುಲಭವಲ್ಲ. ಸರಿಪಡಿಸಿದ ಕರ್ನೆಲ್ ಗಿರಾಕಿಗಳ ಕೈಸೇರುವ ಮುಂಚಿನ ದಿನಗಳಿಗೆಂದು ರೆಡ್ ಹ್ಯಾಟ್ ಕಂಪನಿ ಒಂದು ತಾತ್ಕಾಲಿಕ ತಡೆಯನ್ನು ಪ್ರಕಟಿಸಿತು: ಸಿಸ್ಟಮ್‌ಟ್ಯಾಪ್‌ನಲ್ಲಿ ಬರೆದ ಕೆಲವೇ ಸಾಲುಗಳು. ಓಡುತ್ತಿರುವ ಕರ್ನೆಲ್‌ನೊಳಗೆ ಕೈಯಿಡಲು ಸಿಸ್ಟಮ್‌ಟ್ಯಾಪ್ ಬಳಸುವುದು ಕೆಪ್ರೋಬ್ಸನ್ನೇ. 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಲಕರಣೆ ಹದಿನಾಲ್ಕು ವರ್ಷದ ಮೇಲೆ ಜಗತ್ತಿನ ಸರ್ವರ್‌ಗಳನ್ನು ಕಾಯಲು ನಿಂತಿತು. ಇದನ್ನು ಎರಡನೇ ದರ್ಜೆಯ ಕೆಲಸ ಎನ್ನುವುದು ಅನ್ಯಾಯ.

ದುರಸ್ತಿಯ ವೇಗ ಈಚೆಗೆ ಇನ್ನೂ ಹೆಚ್ಚಿದೆ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ, ಒಂದೊಂದರಲ್ಲೂ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಿರುತ್ತವೆ. ಹಳೆಯ ಆವೃತ್ತಿಗಳಿಗೆ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮತ್ತು ಅವರ ಜೊತೆಯವರು ಹೆಚ್ಚುಕಡಿಮೆ ವಾರವಾರವೂ ತಿದ್ದುಪಡಿ ಕಳಿಸುತ್ತಾರೆ. 2024ರ ಫೆಬ್ರವರಿಯಿಂದ ಭದ್ರತಾ ದೋಷಗಳಿಗೆ ಸಿವಿಇ ಸಂಖ್ಯೆ ಕೊಡುವ ಕೆಲಸವನ್ನೂ ಕರ್ನೆಲ್ ತಂಡವೇ ವಹಿಸಿಕೊಂಡಿದೆ. ಇಲ್ಲಿ ಒಂದು ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೂಲದಲ್ಲಿ ದೋಷ ಸರಿಯಾದ ಮಾತ್ರಕ್ಕೆ ತೋಟದವರ ಕೈಯಲ್ಲಿರುವ ಫೋನು ಸರಿಯಾಗುವುದಿಲ್ಲ. ತಯಾರಕರು ಆ ತಿದ್ದುಪಡಿಯನ್ನು ತೆಗೆದುಕೊಂಡು ತಮ್ಮ ಫೋನಿಗೆ ಕಳಿಸಬೇಕು, ಅಗ್ಗದ ಫೋನುಗಳಿಗೆ ಅದು ಬೇಗ ನಿಂತುಹೋಗುತ್ತದೆ. ಇದು ತಿದ್ದುವವರ ಕೊರತೆಯಲ್ಲ, ಮಾರುವವರ ಹೊಣೆಗೇಡಿತನ. ಫೋನು ಮಾರಿದವರು ಎಷ್ಟು ವರ್ಷ ತಿದ್ದುಪಡಿ ಕೊಡಬೇಕೆಂದು ಕಾನೂನೇ ಹೇಳಬೇಕಾದ ವಿಷಯ.

ಕೊನೆಯ ಆಕ್ಷೇಪ ಎಣಿಕೆಯದು: ಲಕ್ಷಗಟ್ಟಲೆ ಎಂಜಿನಿಯರುಗಳ ನಗರದಿಂದ ಬಂದ ಹೆಸರುಗಳು ಬೆರಳೆಣಿಕೆಯವು. ಒಪ್ಪಬೇಕಾದ ಮಾತು. ಅತುಲ್ ಚಿಟ್ನಿಸ್ ಮತ್ತು ಸಂಗಡಿಗರು 2001ರಲ್ಲಿ ಆರಂಭಿಸಿ, 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ನಡೆಸಿದ ಬೆಂಗಳೂರಿನ ಲಿನಕ್ಸ್ ಸಮಾವೇಶ 2012ರಲ್ಲಿ ಕೊನೆಯಾಯಿತು. ಕಂಪನಿಗಳು ಗಂಟೆಯ ಲೆಕ್ಕದಲ್ಲಿ ಕೆಲಸ ಮಾರುವ ಪದ್ಧತಿಯಲ್ಲಿ, ಯಾರಿಗೂ ಬಿಲ್ ಮಾಡಲಾಗದ ದುರಸ್ತಿಗೆ ಜಾಗ ಸಿಗುವುದು ಕಷ್ಟ. ಆದರೆ ಕಾಲೇಜುಗಳಿಗೆ ಆ ಕಟ್ಟು ಇಲ್ಲ. ತುಮಕೂರಿನಲ್ಲಿ 1963ರಿಂದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ, ತಿಪಟೂರಿನಲ್ಲಿ ಕಲ್ಪತರು ತಾಂತ್ರಿಕ ಮಹಾವಿದ್ಯಾಲಯವಿದೆ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯ ಬದಲಿಗೆ, ಕರ್ನೆಲ್‌ಗೆ ಸೇರಿದ ಒಂದು ತಿದ್ದುಪಡಿಯನ್ನು, ಅದು ಒಂದೇ ಸಾಲಿನದ್ದಾದರೂ, ಪೂರ್ಣ ಅಂಕಕ್ಕೆ ಅರ್ಹವೆಂದು ಒಪ್ಪಿಕೊಳ್ಳುವಂತೆ ಇಂಥ ಕಾಲೇಜುಗಳ ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ. ಸಿ ಭಾಷೆಯ ದುರಸ್ತಿ ಕಷ್ಟವೆನಿಸುವವರಿಗೆ ಬೇರೆ ಕೆಲಸವೂ ಕಾದಿದೆ: ಕರ್ನೆಲ್‌ನ ಜೊತೆಗೇ ಬರುವ ಕೈಪಿಡಿಗಳ ಭಾಗಗಳು ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿವೆ, ಕನ್ನಡದಲ್ಲಿ ಒಂದು ಪುಟವೂ ಇಲ್ಲ.